ಐದು ವರ್ಷದ ಅನುದಾನ ಮಾರ್ಚ್‌ಗೆ ಮುಗಿಯುತ್ತದೆ: ನ್ಯೂರೊಇಮೇಜಿಂಗ್ ಕೇಂದ್ರವನ್ನು ನಡುವಿನ ತಿಂಗಳುಗಳಲ್ಲಿ ನಡೆಸುವುದು ಹೇಗೆ?

ಇಮೇಜಿಂಗ್_ಕಚೇರಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಾರ್ವಜನಿಕ ವೈದ್ಯಕೀಯ ಸಂಸ್ಥೆಯೊಳಗಿರುವ ನ್ಯೂರೊಇಮೇಜಿಂಗ್ (ಮಿದುಳಿನ ಚಿತ್ರಣ) ಸಂಶೋಧನಾ ಕೇಂದ್ರದ ಆಡಳಿತವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಕೇಂದ್ರ ಸರ್ಕಾರದ ಇಲಾಖೆಯೊಂದು ಐದು ವರ್ಷಗಳಿಗೆ ಕೊಟ್ಟಿದ್ದ ಅನುದಾನ ಬರುವ ಮಾರ್ಚ್ 31ಕ್ಕೆ ಕೊನೆಗೊಳ್ಳುತ್ತದೆ. ಎರಡನೆಯ ಹಂತಕ್ಕಾಗಿ ಸಲ್ಲಿಸಿದ ಪ್ರಸ್ತಾವ ತಜ್ಞರ ಸಮಿತಿಯ ಮುಂದಿದೆ. ಅದು ಒಪ್ಪಿಗೆಯಾದರೂ ಮಂಜೂರಾತಿ ಆದೇಶ ಕೈಸೇರಿ ಮೊದಲ ಕಂತು ಬಿಡುಗಡೆಯಾಗುವಷ್ಟರಲ್ಲಿ ಮುಂದಿನ ಆರ್ಥಿಕ ವರ್ಷದ ಅರ್ಧ ಕಳೆದಿರಬಹುದು ಎಂಬ ಅಂದಾಜಿನಲ್ಲಿ ನಾನು ಯೋಜನೆ ಹಾಕಿಕೊಳ್ಳಬೇಕಾಗಿದೆ.

ನಮ್ಮಲ್ಲಿರುವುದು ಒಂದು 3 ಟೆಸ್ಲಾ ಎಂಆರ್‌ಐ ಸ್ಕ್ಯಾನರ್, ಒಂದು ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ) ಪ್ರಯೋಗಾಲಯ ಮತ್ತು ದತ್ತಾಂಶ ಸಂಗ್ರಹದ ಸರ್ವರ್‌ಗಳು. ಸ್ಕ್ಯಾನರಿನ ಸಿಎಂಸಿ, ಅಂದರೆ ಬಿಡಿಭಾಗವೂ ಸೇರಿದ ವಾರ್ಷಿಕ ನಿರ್ವಹಣಾ ಒಪ್ಪಂದ, ಜೂನ್‌ನಲ್ಲಿ ಮುಗಿಯುತ್ತದೆ. ಸ್ಕ್ಯಾನ್ ನಡೆಸುವ ರೇಡಿಯೋಗ್ರಾಫರ್‌ಗಳಲ್ಲಿ ಒಬ್ಬರು ಮಾತ್ರ ಸಂಸ್ಥೆಯ ಖಾಯಂ ನೌಕರರು. ಇನ್ನೊಬ್ಬ ರೇಡಿಯೋಗ್ರಾಫರ್, ಎಂಆರ್‌ಐ ಭೌತವಿಜ್ಞಾನಿ, ದತ್ತಾಂಶ ವ್ಯವಸ್ಥಾಪಕರು ಮತ್ತು ಪ್ರಾಜೆಕ್ಟ್ ಸಹಾಯಕರೆಲ್ಲರೂ ಅನುದಾನದ ಅವಧಿಗೇ ನೇಮಕಗೊಂಡವರು. ಇವೆಲ್ಲದರ ನಡುವೆ, ಹಿರಿಯ ನಾಗರಿಕರ ಜ್ಞಾಪಕಶಕ್ತಿಯ ಕುರಿತ ಅಧ್ಯಯನವೊಂದರ ಎರಡನೆಯ ಸುತ್ತಿನ ಸ್ಕ್ಯಾನ್‌ಗಳು ಏಪ್ರಿಲ್‌ನಿಂದಲೇ ಆರಂಭವಾಗಬೇಕು.

ಸಂಸ್ಥೆಯ ನಿರ್ದೇಶಕರು ಒಂದು ಟಿಪ್ಪಣಿ ಕೇಳಿದ್ದಾರೆ. ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ನಿಲ್ಲಿಸಲೇಬಾರದು, ನಿಲ್ಲಿಸಬಾರದ್ದಕ್ಕೆ ಹಣ ಎಲ್ಲಿಂದ ಎಂಬುದನ್ನು ಅದರಲ್ಲಿ ಬರೆಯಬೇಕು. ಇಂಥ ಘಟ್ಟವನ್ನು ದಾಟಿದವರ ಅನುಭವ ನನಗೆ ಬೇಕಾಗಿದೆ.

ಹಳೆಯ_ಲೆಕ್ಕಿಗ

ಮೇಡಂ, ನಾನು ಒಂದು ಸಂಶೋಧನಾ ಸಂಸ್ಥೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತನಾದವನು. ವಿಜ್ಞಾನದ ಭಾಗವನ್ನು ಬಲ್ಲವರು ಹೇಳಲಿ; ಹಣದ ದಾರಿಯನ್ನು ನಾನು ಹೇಳುತ್ತೇನೆ.

ಮೊದಲನೆಯದಾಗಿ, ಉಳಿಕೆ ಹಣದಲ್ಲಿ ಒಂದೆರಡು ತಿಂಗಳು ತಳ್ಳಬಹುದು ಎಂಬ ಹಳೆಯ ಲೆಕ್ಕಾಚಾರವನ್ನು ಬಿಟ್ಟುಬಿಡಿ. ಹಿಂದೆ ಅನುದಾನದ ಹಣ ಸಂಸ್ಥೆಯ ಬ್ಯಾಂಕ್ ಖಾತೆಯಲ್ಲಿ ಕೂತಿರುತ್ತಿತ್ತು. ಪತ್ರ ವ್ಯವಹಾರ ನಡೆಯುತ್ತಿರುವಾಗಲೇ ಸಂಬಳ ಕೊಟ್ಟುಬಿಡುವ ರೂಢಿ ಇತ್ತು. 2022ರ ಮಾರ್ಚ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕೇಂದ್ರ ವಲಯದ ಯೋಜನೆಗಳಿಗೆ ಹೊಸ ಹರಿವಿನ ಪದ್ಧತಿಯನ್ನು ತಂದ ಮೇಲೆ ನಿಮ್ಮ ಕೈಯಲ್ಲಿರುವುದು ಶೂನ್ಯ ಶಿಲ್ಕಿನ ಖಾತೆ ಅಥವಾ ರಿಸರ್ವ್ ಬ್ಯಾಂಕಿನಲ್ಲಿರುವ ಖರ್ಚಿನ ಮಿತಿ ಮಾತ್ರ. ಟ್ರೆಷರಿ ಸಿಂಗಲ್ ಅಕೌಂಟ್ (ರಿಸರ್ವ್ ಬ್ಯಾಂಕಿನಲ್ಲಿರುವ ಸರ್ಕಾರದ ಏಕ ಖಾತೆ) ಮೂಲಕ ಬರುವ ಮಿತಿಯಲ್ಲಿ ಬಳಸದೆ ಉಳಿದದ್ದು ಮಾರ್ಚ್ 31ರ ರಾತ್ರಿಗೆ ಇಲ್ಲವಾಗುತ್ತದೆ. ಆದ್ದರಿಂದ ನಿಮ್ಮ ಮುಂದಿರುವ ಕಂದಕ ಹಿಂದಿನವರು ದಾಟಿದ್ದಕ್ಕಿಂತ ಆಳವಾದದ್ದು. ಇದನ್ನು ನಿರ್ದೇಶಕರಿಗೆ ಮೊದಲ ಪುಟದಲ್ಲೇ ತಿಳಿಸಬೇಕು, ಏಕೆಂದರೆ ಹಿರಿಯ ಪ್ರಾಧ್ಯಾಪಕರಲ್ಲಿ ಬಹುಪಾಲು ಮಂದಿ ಇನ್ನೂ ಹಳೆಯ ಪದ್ಧತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ.

ಎರಡನೆಯದಾಗಿ, ನೋ-ಕಾಸ್ಟ್ ಎಕ್ಸ್‌ಟೆನ್ಷನ್. ಹೆಚ್ಚುವರಿ ಹಣವಿಲ್ಲದೆ ಅವಧಿಯನ್ನು ಮಾತ್ರ ವಿಸ್ತರಿಸಿ ಎಂದು ಕೇಳುವುದರಿಂದ ಏನು ಪ್ರಯೋಜನ ಎಂದು ಪಿಐಗಳು (ಯೋಜನೆಯ ಮುಖ್ಯ ಸಂಶೋಧಕರು) ಕೇಳುತ್ತಾರೆ. ಪ್ರಯೋಜನವಿದೆ. ಯೋಜನೆ ಜೀವಂತವಾಗಿರುವವರೆಗೆ ನೇಮಕಾತಿ ಆದೇಶಗಳನ್ನು ಅದರಡಿ ಮುಂದುವರಿಸಬಹುದು. ಇನ್ನೂ ಬಿಡುಗಡೆಯಾಗದ ಕಂತು ಬಾಕಿ ಇದ್ದರೆ ಅದನ್ನು ಕೇಳುವ ಹಕ್ಕು ಉಳಿಯುತ್ತದೆ. ಅರ್ಜಿಯನ್ನು ಅವಧಿ ಮುಗಿಯುವ ಮೊದಲೇ, ಮಾಡಿದ ಕೆಲಸದ ವರದಿ ಮತ್ತು ಅಲ್ಲಿಯವರೆಗಿನ ಖರ್ಚಿನ ವಿವರದೊಂದಿಗೆ ಕಳುಹಿಸಬೇಕು. ಯುಸಿಗಳು (ಹಣ ಬಳಕೆಯ ಪ್ರಮಾಣಪತ್ರಗಳು) ಬಾಕಿಯಿದ್ದರೆ ಯಾವ ಕಡತವೂ ಅಲುಗಾಡುವುದಿಲ್ಲ. ಜಿಎಫ್‌ಆರ್ (ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು) ಪ್ರಕಾರ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಯುಸಿ ಕೊಟ್ಟರೆ ಸಾಕು ಎಂದಿದ್ದರೂ, ಈ ಪರಿಸ್ಥಿತಿಯಲ್ಲಿ ಏಪ್ರಿಲ್ ಎರಡನೆಯ ವಾರದೊಳಗೆ ಯುಸಿಯ 12-ಎ ನಮೂನೆ ಸಹಿಯಾಗಿ ಹೋಗಿರಬೇಕು. ಬಡ್ಡಿ ಏನಾದರೂ ಬಂದಿದ್ದರೆ ಅದನ್ನು ಸರ್ಕಾರದ ಆನ್‌ಲೈನ್ ಪಾವತಿ ತಾಣ ಭಾರತಕೋಶದ ಮೂಲಕ ಹಿಂದಿರುಗಿಸಿದ ರಸೀದಿಯೂ ಜೊತೆಗಿರಲಿ. ಎಷ್ಟೋ ಕಡತಗಳು ಈ ಸಣ್ಣ ರಸೀದಿಗಾಗಿ ತಿಂಗಳುಗಟ್ಟಲೆ ನಿಂತಿರುವುದನ್ನು ಕಂಡಿದ್ದೇನೆ.

ಮೂರನೆಯದಾಗಿ ಸಿಎಂಸಿ. ಮುಂದಿನ ವರ್ಷದ ಮೊತ್ತವನ್ನು ಮಾರ್ಚ್‌ನೊಳಗೆ ಮುಂಗಡವಾಗಿ ಕೊಟ್ಟುಬಿಡೋಣ ಎಂಬ ಸಲಹೆ ನಿಮ್ಮ ಕಚೇರಿಯಲ್ಲಿ ಖಂಡಿತ ಬರುತ್ತದೆ. ಜಿಎಫ್‌ಆರ್ 172ನೇ ನಿಯಮ ನಿರ್ವಹಣಾ ಒಪ್ಪಂದಗಳಿಗೆ ಮುಂಗಡವನ್ನು ಒಪ್ಪುತ್ತದೆ, ಆದರೆ ಒಪ್ಪಂದದ ಆರು ತಿಂಗಳ ಮೊತ್ತವನ್ನು ಅದು ಮೀರಬಾರದು. ಅಷ್ಟರೊಳಗೆ ನಿಮಗೆ ಅವಕಾಶವಿದೆ. ಹಾಲಿ ಒಪ್ಪಂದವನ್ನು ಮೊದಲೇ ನವೀಕರಿಸಿ, ಅನುದಾನದ ಷರತ್ತುಗಳಲ್ಲಿ ಆ ಬಾಬತ್ತಿಗೆ ಅನುಮತಿ ಇದೆಯೇ ಎಂದು ನೋಡಿಕೊಳ್ಳಿ. ಅದನ್ನು ಮೀರಿ ಜಾಣತನ ತೋರಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ, ಮತ್ತು ಉತ್ತರ ಕೊಡುವ ಹೊತ್ತಿಗೆ ನೀವು ಅದೇ ಇಲಾಖೆಯ ಮುಂದೆ ಎರಡನೆಯ ಹಂತಕ್ಕೆ ಕೈಯೊಡ್ಡಿ ನಿಂತಿರುತ್ತೀರಿ.

ಹೊಸ ಮಂಜೂರಾತಿಯ ದಿನಾಂಕಕ್ಕಿಂತ ಹಿಂದಿನ ಖರ್ಚನ್ನು ಹೊಸ ಅನುದಾನಕ್ಕೆ ಹಾಕಲು ಬರುವುದಿಲ್ಲ ಎಂಬುದನ್ನೂ ಪಿಐಗೆ ಲಿಖಿತವಾಗಿ ತಿಳಿಸಿ.

ಕ್ರಯೋ_ಪಾಳಿ

ಲೆಕ್ಕಿಗ ಸರ್ ಹೇಳಿದ ಸಿಎಂಸಿ ವಿಚಾರಕ್ಕೆ ಯಂತ್ರದ ಕಡೆಯ ಕಾರಣವನ್ನು ಸೇರಿಸುತ್ತೇನೆ. ನಾನು ಎಂಆರ್‌ಐ ಭೌತವಿಜ್ಞಾನಿ, ಹುಬ್ಬಳ್ಳಿಯ ಕಡೆಯವನು.

ಅನುದಾನ ಮುಗಿದರೆ ಸ್ಕ್ಯಾನರನ್ನು ಕೆಲವು ತಿಂಗಳು ಬಂದ್ ಮಾಡಿ ಇಡೋಣ ಎಂದು ಹಣಕಾಸು ವಿಭಾಗದವರು ಸಹಜವಾಗಿಯೇ ಕೇಳುತ್ತಾರೆ. ಮಾಮೂಲಿ ಉಪಕರಣವಾಗಿದ್ದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಸೂಪರ್‌ಕಂಡಕ್ಟಿಂಗ್ (ಅತಿ ತಂಪಿನಲ್ಲಿ ಪ್ರತಿರೋಧವಿಲ್ಲದೆ ವಿದ್ಯುತ್ ಹರಿಸುವ) ಅಯಸ್ಕಾಂತವು ರೋಗಿ ಇರಲಿ ಇಲ್ಲದಿರಲಿ, ಹಗಲೂ ರಾತ್ರಿ ಆನ್ ಆಗಿಯೇ ಇರುತ್ತದೆ. ಅದರ ಸುರುಳಿ ಮೈನಸ್ 269 ಡಿಗ್ರಿ ಸೆಲ್ಸಿಯಸ್ ಸುಮಾರಿನ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ, ಮತ್ತು ಕುದಿದು ಮೇಲೆದ್ದ ಅನಿಲವನ್ನು ಕೋಲ್ಡ್ ಹೆಡ್ ಮತ್ತೆ ದ್ರವವಾಗಿಸುತ್ತದೆ. ಕೋಲ್ಡ್ ಹೆಡ್‌ಗೆ ಕಂಪ್ರೆಸರ್ ಬೇಕು, ಕಂಪ್ರೆಸರಿಗೆ ಚಿಲ್ಲರಿನ ತಣ್ಣೀರು ಬೇಕು, ಚಿಲ್ಲರಿಗೆ ವಿದ್ಯುತ್ ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಹೀಲಿಯಂ ಹೊರಗೆ ಹೋಗಲಾರಂಭಿಸುತ್ತದೆ. ಅಂದರೆ ಒಂದೂ ಸ್ಕ್ಯಾನ್ ಮಾಡದಿದ್ದರೂ ವಿದ್ಯುತ್ ಬಿಲ್ಲು, ಜನರೇಟರಿನ ಡೀಸೆಲ್ಲು, ಚಿಲ್ಲರಿನ ನಿರ್ವಹಣೆ ಇವು ನಿಲ್ಲುವುದಿಲ್ಲ.

ಹಳೆಯ ಮಾದರಿಯ ಅಯಸ್ಕಾಂತಗಳಲ್ಲಿ 1,500 ಲೀಟರಿನ ಆಸುಪಾಸು ದ್ರವ ಹೀಲಿಯಂ ಇರುತ್ತದೆ. ಕ್ವೆಂಚ್ ಆದರೆ, ಅಂದರೆ ಸುರುಳಿ ಬಿಸಿಯಾಗಿ ಸೂಪರ್‌ಕಂಡಕ್ಟಿಂಗ್ ಗುಣವನ್ನು ಹಠಾತ್ತನೆ ಕಳೆದುಕೊಂಡರೆ, ಅದರ ಬಹುಭಾಗ ಕೆಲವೇ ನಿಮಿಷಗಳಲ್ಲಿ ಕೊಳವೆಯಿಂದ ಆಕಾಶಕ್ಕೆ ಹೋಗುತ್ತದೆ. ನಮ್ಮ ದೇಶ ಹೀಲಿಯಂ ಅನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. 2017ರಲ್ಲಿ ಕತಾರ್‌ನ ಮೇಲೆ ನೆರೆದೇಶಗಳು ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳೇ ಕೆಲಕಾಲ ನಿಂತಿದ್ದವು. ಸಿಎಂಸಿ ಇಲ್ಲದ ಅವಧಿಯಲ್ಲಿ ಕೋಲ್ಡ್ ಹೆಡ್ ಕೈಕೊಟ್ಟರೆ ಅದನ್ನು ಬದಲಿಸಲು ಕೊಟೇಶನ್ನು, ಖರೀದಿ ಸಮಿತಿ, ಅನುಮೋದನೆ ಎಂದು ವಾರಗಳು ಹೋಗುತ್ತವೆ. ಅಷ್ಟು ವಾರ ಅಯಸ್ಕಾಂತ ಕಾಯುವುದಿಲ್ಲ.

ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಸ್ಕ್ಯಾನರಿನ ಖರ್ಚನ್ನು ಒಂದೇ ಸಾಲಿನಲ್ಲಿ ತೋರಿಸಬೇಡಿ. ಅಯಸ್ಕಾಂತವನ್ನು ತಣ್ಣಗಿಡುವ ಖರ್ಚು ಒಂದು. ಸ್ಕ್ಯಾನ್ ಮಾಡುವ ಖರ್ಚು ಇನ್ನೊಂದು. ಮೊದಲನೆಯದನ್ನು ಸಂಸ್ಥೆ ತನ್ನ ಆಸ್ತಿಯ ರಕ್ಷಣೆಯ ವೆಚ್ಚವೆಂದು ಒಪ್ಪಿಕೊಳ್ಳಬೇಕು. ಅದು ಸಂಶೋಧನೆಯ ಖರ್ಚೇ ಅಲ್ಲ ಎಂದು ವಾದಿಸಲು ನಿಮಗೆ ಪೂರ್ಣ ಆಧಾರವಿದೆ. ಪೂರ್ಣ ಸಿಎಂಸಿಗೆ ಹಣ ಸಾಲದಿದ್ದರೆ ಅಯಸ್ಕಾಂತ, ಕೋಲ್ಡ್ ಹೆಡ್ ಮತ್ತು ಹೀಲಿಯಂ ಮಾತ್ರ ಸೇರಿದ ಕಿರು ಒಪ್ಪಂದವನ್ನು ತಯಾರಕರಿಂದ ಕೇಳಿ ನೋಡಿ. ಕಾಯಿಲ್‌ಗಳನ್ನು (ದೇಹದಿಂದ ಸಂಕೇತ ಹಿಡಿಯುವ ಭಾಗಗಳನ್ನು) ತಾತ್ಕಾಲಿಕವಾಗಿ ಹೊರಗಿಡಬಹುದು.

ಒಂದು ಎಚ್ಚರಿಕೆ: ಈ ನಡುವಿನ ಅವಧಿಯಲ್ಲಿ ಯಾವ ಕಾರಣಕ್ಕೂ ಸಾಫ್ಟ್‌ವೇರ್ ಅಪ್‌ಗ್ರೇಡಿಗೆ ಒಪ್ಪಬೇಡಿ. ನವೀಕರಣದ ಜೊತೆ ಉಚಿತವಾಗಿ ಕೊಡುತ್ತೇವೆ ಎಂದು ಮಾರಾಟದವರು ಹೇಳುವುದುಂಟು. ಮೊದಲ ಸುತ್ತು ಒಂದು ಆವೃತ್ತಿಯಲ್ಲಿ, ಎರಡನೆಯ ಸುತ್ತು ಇನ್ನೊಂದು ಆವೃತ್ತಿಯಲ್ಲಿ ಎಂದಾದರೆ ಮಿದುಳಿನ ಗಾತ್ರದಲ್ಲಿ ಕಂಡ ವ್ಯತ್ಯಾಸ ವಯಸ್ಸಿನದೋ ಯಂತ್ರದ್ದೋ ಎಂದು ಹೇಳುವವರು ಯಾರು? ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ 2014ರಲ್ಲಿ ಇಮೇಜಿಂಗ್ ಆರಂಭಿಸಿ 2025ರಲ್ಲಿ 1,00,000 ಮಂದಿಯ ಸ್ಕ್ಯಾನ್ ಮುಗಿಸಿತು. ಆ ಉದ್ದಕ್ಕೂ ಎಲ್ಲ ಕೇಂದ್ರಗಳಲ್ಲೂ ಒಂದೇ ಮಾದರಿಯ ಯಂತ್ರವನ್ನೇ ಹಠ ಹಿಡಿದು ಬಳಸಿತು.

ಪ್ರಾಜೆಕ್ಟ್_ಸಿಬ್ಬಂದಿ

ಮೇಲಿನ ಎರಡೂ ಉತ್ತರಗಳು ಉಪಯುಕ್ತವಾಗಿವೆ. ಆದರೆ ಇಷ್ಟು ಉದ್ದದ ಚರ್ಚೆಯಲ್ಲಿ ಹೀಲಿಯಂಗೆ ಸಿಕ್ಕ ಸ್ಥಾನ ಸಂಬಳಕ್ಕೆ ಸಿಗಲಿಲ್ಲ ಎಂಬುದನ್ನು ಗಮನಕ್ಕೆ ತರಬೇಕಾಗಿದೆ. ನಾನು ಇಂಥದೇ ಕೇಂದ್ರವೊಂದರಲ್ಲಿ ದತ್ತಾಂಶ ನೋಡಿಕೊಳ್ಳುತ್ತಿದ್ದೆ.

ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮಾಸಿಕ ಮೊತ್ತ 2023ರಲ್ಲಿ 31,000ದಿಂದ 37,000 ರೂಪಾಯಿಗೆ ಏರಿತು, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) 42,000ಕ್ಕೆ. ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುವ ಒಬ್ಬ ಯುವಕ ಇದರಲ್ಲಿ ಆರು ತಿಂಗಳ ಉಳಿತಾಯ ಮಾಡಿರುತ್ತಾನೆಂದು ಯಾರೂ ಭಾವಿಸುವಂತಿಲ್ಲ. ಮಾರ್ಚ್‌ನಲ್ಲಿ "ಇನ್ನೂ ಆದೇಶ ಬಂದಿಲ್ಲ, ಕಾಯೋಣ" ಎಂದರೆ ಅವನು ಏಪ್ರಿಲ್‌ನಲ್ಲಿ ಬೇರೆ ಕೆಲಸ ಹುಡುಕುತ್ತಾನೆ. ಮತ್ತು ಎಂಆರ್‌ಐ ಚಿತ್ರಗಳನ್ನು ಸಂಸ್ಕರಿಸಬಲ್ಲವನಿಗೆ ಈ ಊರಿನಲ್ಲಿ ಕೆಲಸ ಸಿಗುತ್ತದೆ. ಅವನೊಂದಿಗೆ ಹೋಗುವುದು ಎರಡು ಕೈಗಳಷ್ಟೇ ಅಲ್ಲ. ಯಾವ ಸ್ಕ್ರಿಪ್ಟು ಯಾವ ಆವೃತ್ತಿಯ ತಂತ್ರಾಂಶದಲ್ಲಿ ಓಡಿತು, ಯಾವ ವ್ಯಕ್ತಿಯ ಸ್ಕ್ಯಾನನ್ನು ಚಲನೆಯ ಕಾರಣಕ್ಕೆ ಕೈಬಿಡಲಾಯಿತು, ಗುರುತಿನ ಸಂಖ್ಯೆಗಳ ಪಟ್ಟಿ ಯಾವ ಬೀಗದೊಳಗಿದೆ ಎಂಬುದೆಲ್ಲ ಬಹುಪಾಲು ಕೇಂದ್ರಗಳಲ್ಲಿ ಒಬ್ಬರ ತಲೆಯಲ್ಲೇ ಇರುತ್ತದೆ.

ಇಮೇಜಿಂಗ್ ಕಚೇರಿಯವರಿಗೆ ನನ್ನ ಬೇಡಿಕೆ ಇಷ್ಟೇ. ಜನವರಿಯಲ್ಲೇ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ನಿಜಸ್ಥಿತಿ ಹೇಳಿ. ಯಾರಿಗೆ ಯಾವ ದಿನಾಂಕದವರೆಗೆ ಸಂಬಳ ಖಚಿತ ಎಂಬುದನ್ನು ಪತ್ರದಲ್ಲಿ ಕೊಡಿ. ಹೊರಹೋಗಲು ಬಯಸುವವರಿಗೆ ಅನುಭವ ಪತ್ರವನ್ನು ತಡಮಾಡದೆ ಕೊಡಿ, ಅವರು ದುಡಿದ ಲೇಖನಗಳಲ್ಲಿ ಹೆಸರಿನ ಸ್ಥಾನವನ್ನು ಈಗಲೇ ನಿರ್ಧರಿಸಿ. ಇಡೀ ದತ್ತಾಂಶವನ್ನು ಬಿಡ್ಸ್ ವಿನ್ಯಾಸಕ್ಕೆ ತರುವ ಕೆಲಸ ಉಳಿದಿದ್ದರೆ ಕೊನೆಯ ತ್ರೈಮಾಸಿಕದಲ್ಲಿ ಹೊಸ ಸ್ಕ್ಯಾನ್‌ಗಳನ್ನು ಕಡಿಮೆ ಮಾಡಿಯಾದರೂ ಅದನ್ನು ಮುಗಿಸಿ. 2016ರಿಂದ ಈಚೆಗೆ ಅದು ಎಲ್ಲರೂ ಒಪ್ಪಿದ ಕಡತ ವ್ಯವಸ್ಥೆಯಾಗಿರುವುದರಿಂದ, ಹೊಸದಾಗಿ ಬರುವವರು ಅದನ್ನು ಓದಿಕೊಳ್ಳಬಲ್ಲರು.

ಕ್ವೀನ್‌ಸ್ಕ್ವೇರ್_ಕನ್ನಡಿಗ

ಲಂಡನ್ನಿನಿಂದ ಬರೆಯುತ್ತಿದ್ದೇನೆ. ಅನುದಾನ ಕೊಟ್ಟವರ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡಿದ್ದ ಕೇಂದ್ರಗಳು ಇಲ್ಲಿ ಇದೇ ಘಟ್ಟವನ್ನು ಬೇರೆ ರೂಪದಲ್ಲಿ ದಾಟಿವೆ.

ಕ್ವೀನ್ ಸ್ಕ್ವೇರಿನ ಫಂಕ್ಷನಲ್ ಇಮೇಜಿಂಗ್ ಲ್ಯಾಬೊರೇಟರಿ 1994ರಲ್ಲಿ ಆರೋಗ್ಯ ಸಂಶೋಧನೆಗೆ ಹಣ ಕೊಡುವ ವೆಲ್‌ಕಮ್ ಟ್ರಸ್ಟಿನ ಬೆಂಬಲದಿಂದ ಆರಂಭವಾದದ್ದು. ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸುವ ಎಸ್‌ಪಿಎಂ ತಂತ್ರಾಂಶ ಅಲ್ಲಿಂದಲೇ ಜಗತ್ತಿಗೆ ಹೋಗುತ್ತಿದೆ. ಆಕ್ಸ್‌ಫರ್ಡಿನ ಎಫ್‌ಎಂಆರ್‌ಐಬಿ ಎಂಬ ಮಿದುಳು ಚಿತ್ರಣ ಕೇಂದ್ರ 1998ರದ್ದು, 2017ರಲ್ಲಿ ಅದು ವೆಲ್‌ಕಮ್ ಹೆಸರಿನ ದೊಡ್ಡ ಕೇಂದ್ರದ ಭಾಗವಾಯಿತು. ಆ ಬಳಿಕ ಟ್ರಸ್ಟು ತನ್ನ ಧೋರಣೆಯನ್ನು ಬದಲಿಸಿ, ಕೇಂದ್ರಗಳಿಗೆ ಇಡಿಯಾಗಿ ಕೊಡುವ ಮೂಲ ಅನುದಾನದಿಂದ ಸಂಶೋಧಕರಿಗೂ ತಂಡಗಳಿಗೂ ನೇರವಾಗಿ ಕೊಡುವ ಪದ್ಧತಿಯತ್ತ ಹೊರಳಿತು. ಲಂಡನ್ನಿನ ಕೇಂದ್ರ ಈಗ ಯುಸಿಎಲ್‌ನ (ಯೂನಿವರ್ಸಿಟಿ ಕಾಲೇಜ್ ಲಂಡನ್) ಒಂದು ವಿಭಾಗವಾಗಿದೆ. ಆಕ್ಸ್‌ಫರ್ಡಿನದು ವೆಲ್‌ಕಮ್ ಹೆಸರನ್ನು ಕಳಚಿ ವಿಶ್ವವಿದ್ಯಾಲಯದ ಹೆಸರನ್ನು ಇಟ್ಟುಕೊಂಡಿದೆ.

ಮೂಲ ಅನುದಾನ ಹೋಗಿ ಬಿಡಿ ಬಿಡಿ ಅನುದಾನಗಳು ಬಂದಾಗ ಒಟ್ಟು ಮೊತ್ತ ಅಷ್ಟೇ ಇದ್ದರೂ ಕೇಂದ್ರ ಬಡವಾಗುತ್ತದೆ. ಒಬ್ಬೊಬ್ಬ ಸಂಶೋಧಕನ ಅನುದಾನದಲ್ಲೂ ಅವನ ಪ್ರಶ್ನೆಗೆ ಬೇಕಾದ ಸ್ಕ್ಯಾನ್ ಗಂಟೆಗಳಿಗೆ ಹಣವಿರುತ್ತದೆ. ಪಲ್ಸ್ ಸೀಕ್ವೆನ್ಸ್ (ಸ್ಕ್ಯಾನರನ್ನು ನಡೆಸುವ ಆಜ್ಞಾಸರಣಿ) ಬರೆಯುವ ಭೌತವಿಜ್ಞಾನಿಗೆ, ತಂತ್ರಾಂಶ ಕಾಪಾಡುವವರಿಗೆ, ರಾತ್ರಿ ಸರ್ವರ್ ಬಿದ್ದರೆ ಎದ್ದು ಬರುವವನಿಗೆ ಯಾರ ಅನುದಾನದಲ್ಲೂ ಪೂರ್ಣ ಸಾಲು ಇರುವುದಿಲ್ಲ. ಮೇಡಂ, ನಿಮ್ಮ ಎರಡನೆಯ ಹಂತದ ಪ್ರಸ್ತಾವ ಕೇಂದ್ರಕ್ಕೋ ಅಥವಾ ಬಿಡಿ ಯೋಜನೆಗಳ ಗುಚ್ಛಕ್ಕೋ ಎಂಬುದನ್ನು ನೀವು ಹೇಳಿಲ್ಲ. ಎರಡನೆಯದಾಗಿದ್ದರೆ ಸಾಮಾನ್ಯ ಸೇವೆಯ ಹುದ್ದೆಗಳನ್ನು ವಿಶ್ವವಿದ್ಯಾಲಯವೋ ಸಂಸ್ಥೆಯೋ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾತು ಈಗಲೇ ಆಗಬೇಕು.

ತಂತ್ರಾಂಶದಿಂದ ಆದಾಯ ತರಬಹುದೇ ಎಂದು ಯಾರಾದರೂ ಕೇಳಬಹುದು. ಆಕ್ಸ್‌ಫರ್ಡಿನ ಎಫ್‌ಎಸ್‌ಎಲ್ ಶೈಕ್ಷಣಿಕ ಬಳಕೆಗೆ ಉಚಿತ, ವಾಣಿಜ್ಯ ಬಳಕೆಗೆ ಪರವಾನಗಿ ಶುಲ್ಕವಿದೆ. ಎಸ್‌ಪಿಎಂ ಎಲ್ಲರಿಗೂ ಮುಕ್ತ. ಇಂಥ ಶುಲ್ಕವನ್ನು ನೆಚ್ಚಿ ಕೇಂದ್ರ ನಡೆಸುವ ಯೋಚನೆ ಮಾತ್ರ ಬೇಡ.

ಅಟ್ಲಾಂಟಿಕ್_ದಾಟಿದವ

ಅಮೆರಿಕದಲ್ಲಿ ಸ್ಕ್ಯಾನರ್ ಘಟಕವೊಂದರ ದರಪಟ್ಟಿ ಮಾಡುವ ಕೆಲಸ ನನ್ನದು. ಇಲ್ಲಿ ಎನ್‌ಐಎಚ್ (ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು) ಅನುದಾನದ ಕೊನೆಯ ಅವಧಿಯನ್ನು ಒಂದು ಬಾರಿ 12 ತಿಂಗಳವರೆಗೆ ವಿಸ್ತರಿಸಿಕೊಳ್ಳುವ ಅಧಿಕಾರ ಬಹುಪಾಲು ಸಂದರ್ಭಗಳಲ್ಲಿ ವಿಶ್ವವಿದ್ಯಾಲಯಕ್ಕೇ ಇತ್ತು. ನೀವು ಅರ್ಜಿ ಹಾಕಿ ಕಾಯಬೇಕಾದದ್ದನ್ನು ನಾವು ಒಂದು ಸೂಚನೆಯಿಂದ ಮುಗಿಸುತ್ತಿದ್ದೆವು. ಆದರೆ ಇಲ್ಲಿಯೂ ನೆಲ ಅಲುಗಾಡುತ್ತಿದೆ. 2025ರ ಫೆಬ್ರವರಿ 7ರಂದು ಪರೋಕ್ಷ ವೆಚ್ಚವನ್ನು (ಕಟ್ಟಡ, ವಿದ್ಯುತ್, ಆಡಳಿತದಂಥವಕ್ಕೆ ಕೊಡುವ ಪಾಲು) ಶೇ. 15ಕ್ಕೆ ಇಳಿಸುವುದಾಗಿ ಎನ್‌ಐಎಚ್ ಘೋಷಿಸಿತು. ನ್ಯಾಯಾಲಯ ತಡೆದಿದ್ದರಿಂದ ಅದು ಜಾರಿಗೆ ಬರಲಿಲ್ಲ. ಮಿದುಳಿನ ಸಂಶೋಧನೆಗೆಂದೇ ಇರುವ ಬ್ರೇನ್ ಇನಿಷಿಯೇಟಿವ್‌ನ ಬಜೆಟ್ 2023ರಲ್ಲಿ 68 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 40.2 ಕೋಟಿಗೆ, ಮರುವರ್ಷ 32.1 ಕೋಟಿಗೆ ಇಳಿಯಿತು. ಪರೋಕ್ಷ ವೆಚ್ಚ ಎಂದರೆ ವ್ಯರ್ಥ ಖರ್ಚು ಎಂದು ಭಾವಿಸುವವರು ಕ್ರಯೋ ಪಾಳಿಯವರ ಚಿಲ್ಲರ್ ವಿವರಣೆಯನ್ನು ಓದಬೇಕು.

ನಿಮಗೆ ನೇರವಾಗಿ ಉಪಯೋಗವಾಗುವುದು ಸ್ಕ್ಯಾನ್ ಗಂಟೆಯ ದರ. ಇಲ್ಲಿನ ಫೆಡರಲ್ ನಿಯಮದಂತೆ ದರ ನಿಜವಾದ ಖರ್ಚನ್ನು ಆಧರಿಸಿರಬೇಕು, ಒಳಗಿನ ಬಳಕೆದಾರರಲ್ಲಿ ಭೇದ ಮಾಡಬಾರದು, ಕನಿಷ್ಠ ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಸರ್ಕಾರದ ಹಣದಿಂದ ಕೊಂಡ ಯಂತ್ರದ ಸವಕಳಿಯನ್ನು ಮತ್ತೆ ದರದೊಳಗೆ ಸೇರಿಸಬಾರದು. ನಿಮ್ಮಲ್ಲಿ ಇಂಥ ದರಪಟ್ಟಿ ಇಲ್ಲದಿದ್ದರೆ ಈ ವರ್ಷವೇ ಮಾಡಿ, ಏಕೆಂದರೆ ಬಳಕೆದಾರರು ತಮ್ಮ ಮುಂದಿನ ಪ್ರಸ್ತಾವಗಳಲ್ಲಿ ಆ ದರವನ್ನು ಹಾಕಿದರೆ ಮಾತ್ರ ಮುಂದೆ ಹಣ ಬರುತ್ತದೆ. ಆದರೆ ಕೊರತೆಯ ತಿಂಗಳುಗಳಲ್ಲಿ ದರ ಏರಿಸಿ ಕೊರತೆ ತುಂಬಲು ಹೋಗಬೇಡಿ. ದರ ಏರಿದರೆ ಬಳಕೆ ಇಳಿಯುತ್ತದೆ. ಬಳಕೆ ಇಳಿದರೆ ಉಳಿದ ಗಂಟೆಗಳ ಮೇಲೆ ಅದೇ ಸ್ಥಿರ ವೆಚ್ಚ ಬಿದ್ದು ದರ ಇನ್ನೂ ಏರಬೇಕಾಗುತ್ತದೆ.

ಇಮೇಜಿಂಗ್_ಕಚೇರಿ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಪ್ರಸ್ತಾವ ಕೇಂದ್ರಕ್ಕೇ ಸಂಬಂಧಿಸಿದ್ದು. ಆದರೂ ಸಮಿತಿ ಅದನ್ನು ಒಡೆದು ಕೊಡುವ ಸಾಧ್ಯತೆಯನ್ನು ಅಲ್ಲಗಳೆಯಲಾರೆ. ಸಿಬ್ಬಂದಿಯ ಕುರಿತು ಬರೆದವರ ಮಾತು ಸರಿಯಾಗಿದೆ, ಜನವರಿಯ ಸಭೆಯನ್ನು ನಿಗದಿ ಮಾಡಿದ್ದೇನೆ.

ಸಂಸ್ಥೆಯೊಳಗಿನಿಂದ ಈಗ ಒಂದು ಸಲಹೆ ಬಂದಿದೆ. ಆಸ್ಪತ್ರೆಯಲ್ಲಿ ಎಂಆರ್‌ಐಗೆ ಕಾಯುವವರ ಸಾಲು ದೊಡ್ಡದಿರುವುದರಿಂದ, ಏಪ್ರಿಲ್‌ನಿಂದ ಸಂಶೋಧನಾ ಸ್ಕ್ಯಾನರಿನಲ್ಲಿ ಹಗಲು ಹೊತ್ತು ರೋಗಿಗಳ ಸ್ಕ್ಯಾನ್ ನಡೆಸಿ, ಬಂದ ಶುಲ್ಕದಲ್ಲಿ ಸಿಎಂಸಿ ಮತ್ತು ಸಂಬಳ ಕೊಡಬಹುದು ಎನ್ನುತ್ತಾರೆ. ಹಣದ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ನನಗೆ ಸಂದೇಹವಿದೆ.

ರೇಡಿಯಾಲಜಿ_ಹಿರಿಯ

ನಾನು ರೇಡಿಯಾಲಜಿಸ್ಟ್, ಮತ್ತು ಈ ಸಲಹೆಯ ಪರವಾಗಿದ್ದೇನೆ, ಷರತ್ತುಗಳೊಂದಿಗೆ. ರೋಗಿಗಳು ವಾರಗಟ್ಟಲೆ ಕಾಯುತ್ತಿರುವಾಗ ಸಾರ್ವಜನಿಕ ಹಣದಿಂದ ಕೊಂಡ 3 ಟೆಸ್ಲಾ ಯಂತ್ರವನ್ನು ಖಾಲಿ ಇಡುವುದು ನೈತಿಕವಾಗಿ ಕಷ್ಟ. ಆದರೆ ತುರ್ತು ರೋಗಿಗಳನ್ನು ಆ ಯಂತ್ರಕ್ಕೆ ಕಳುಹಿಸಬಾರದು. ತುರ್ತು ಒಮ್ಮೆ ಒಳಗೆ ಬಂದರೆ ಸಂಶೋಧನೆಯ ಪಾಳಿಗೆ ಬೆಲೆ ಉಳಿಯುವುದಿಲ್ಲ. ಪಾರ್ಶ್ವವಾಯುವಿನ ರೋಗಿಯನ್ನು ಹೊರಗೆ ನಿಲ್ಲಿಸಿ ಸ್ವಯಂಸೇವಕನಿಗೆ ಸ್ಕ್ಯಾನ್ ಮಾಡಿ ಎಂದು ಯಾರೂ ಹೇಳಲಾರರು, ಹೇಳಬಾರದು ಕೂಡ. ಮುಂಚೆಯೇ ದಿನ ಗೊತ್ತುಮಾಡಿದ ಹೊರರೋಗಿಗಳನ್ನು, ವಾರದಲ್ಲಿ ನಿಗದಿತ ಅರ್ಧ ದಿನಗಳಂದು ಮಾತ್ರ ತೆಗೆದುಕೊಳ್ಳಿ. ವರದಿ ಬರೆಯುವ ಹೊಣೆ ರೇಡಿಯಾಲಜಿ ವಿಭಾಗದ ಮೇಲಿರಲಿ. ಹೊಸ ಅನುದಾನ ಬಂದ ಮೇಲೆ ಈ ಏರ್ಪಾಡು ತಾನಾಗಿ ಮುಗಿಯುತ್ತದೆ ಎಂದು ಆದೇಶದಲ್ಲೇ ಬರೆಸಿ, ಇಲ್ಲದಿದ್ದರೆ ಮುಗಿಯುವುದಿಲ್ಲ.

ಕ್ರಯೋ_ಪಾಳಿ

ಡಾಕ್ಟರ್, ತಮ್ಮ ಕೊನೆಯ ಷರತ್ತನ್ನು ನಾನು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ. ಇನ್ನೊಂದು ಸೇರಿಸುತ್ತೇನೆ: ರೋಗಿಗಳ ಸ್ಕ್ಯಾನ್ ಆರಂಭವಾದ ಮೇಲೂ ಫ್ಯಾಂಟಮ್ ಪರೀಕ್ಷೆ (ಮಾದರಿ ವಸ್ತುವನ್ನು ಸ್ಕ್ಯಾನ್ ಮಾಡಿ ಯಂತ್ರದ ಗುಣಮಟ್ಟ ನೋಡುವುದು) ಹಿಂದಿನಷ್ಟೇ ಬಾರಿ, ಅದೇ ಕಾಯಿಲಿನಲ್ಲಿ ನಡೆಯಬೇಕು. ದಿನವಿಡೀ ಓಡಿದ ಯಂತ್ರದ ಸ್ಥಿರತೆ ಬೆಳಗಿನ ತಣ್ಣನೆಯ ಯಂತ್ರದಂತೆ ಇರುವುದಿಲ್ಲ. ಎರಡನೆಯ ಸುತ್ತಿನ ಹಿರಿಯರನ್ನು ಮೊದಲ ಸುತ್ತಿನ ಅದೇ ಹೊತ್ತಿಗೆ ಕರೆಸಿದರೆ ಒಳ್ಳೆಯದು.

ಸಮಿತಿಯ_ಸದಸ್ಯೆ

ಒಂದು ನೈತಿಕ ಸಮಿತಿಯಲ್ಲಿ ಸಾಮಾನ್ಯ ನಾಗರಿಕ ಪ್ರತಿನಿಧಿಯಾಗಿ ಕೆಲಸ ಮಾಡುವವಳು ನಾನು. ಈವರೆಗೆ ಯಾರೂ ಸ್ಕ್ಯಾನಿಗೆ ಬರುವ ಹಿರಿಯರ ಬಗ್ಗೆ ಮಾತನಾಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ದೀರ್ಘಕಾಲದ ಅಧ್ಯಯನಕ್ಕೆ ಒಪ್ಪಿಕೊಂಡವರು ಒಂದು ಭರವಸೆಯ ಮೇಲೆ ಒಪ್ಪಿರುತ್ತಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ದಾಟಿದ 10,000 ಗ್ರಾಮೀಣರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಂದ ಅಧ್ಯಯನ ನಡೆಸುತ್ತಿದೆ. ಆ ಕೇಂದ್ರದ ಹಿಂದೆ ಪ್ರತೀಕ್ಷಾ ಟ್ರಸ್ಟಿನ 225 ಕೋಟಿ ರೂಪಾಯಿಯ ಕೊಡುಗೆ ಇದೆ. ಮೂರು ಅಥವಾ ಐದು ವರ್ಷದ ಸರ್ಕಾರಿ ಅನುದಾನದ ಮೇಲೆ ಇಪ್ಪತ್ತು ವರ್ಷದ ಪ್ರಶ್ನೆಯನ್ನು ಹೂಡುವ ಉಳಿದ ಕೇಂದ್ರಗಳಿಗೆ ಅಂಥ ಬೆನ್ನಾಸರೆ ಇಲ್ಲ.

ಆದ್ದರಿಂದ ಮೂರು ವಿಷಯಗಳನ್ನು ಈಗಲೇ ನಿಮ್ಮ ನೈತಿಕ ಸಮಿತಿಯ ಮುಂದಿಡಿ. ಎರಡನೆಯ ಸುತ್ತು ತಡವಾಗುವುದಾದರೆ ಎಷ್ಟು ತಿಂಗಳವರೆಗೆ ತಡ ಮಾಡಬಹುದು ಎಂಬ ತಿದ್ದುಪಡಿಗೆ ಮೊದಲೇ ಅನುಮತಿ ಪಡೆಯಿರಿ. ಮೊದಲ ಸುತ್ತಿನ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಗಡ್ಡೆ ಅಥವಾ ರಕ್ತನಾಳದ ಊತ ಕಂಡುಬಂದವರನ್ನು ಮುಂದಿನ ಚಿಕಿತ್ಸೆಗೆ ಸಂಪರ್ಕಿಸುವ ಹೊಣೆ ಮಾರ್ಚ್ ಕಳೆದ ಮೇಲೆ ಯಾರದು ಎಂಬುದನ್ನು ಹುದ್ದೆಯ ಹೆಸರಿನೊಂದಿಗೆ ಬರೆಯಿರಿ. ಅದು ಖಾಯಂ ವೈದ್ಯರ ಹುದ್ದೆಯೇ ಆಗಿರಬೇಕು. ಇನ್ನು ಸಹಿ ಮಾಡಿದ ಒಪ್ಪಿಗೆ ಪತ್ರಗಳು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಅಧ್ಯಯನ ಮುಗಿದ ಮೇಲೆ ಕನಿಷ್ಠ 3 ವರ್ಷ ದಾಖಲೆ ಕಾಪಾಡಬೇಕೆನ್ನುತ್ತದೆ. ಪ್ರಾಜೆಕ್ಟ್ ಸಹಾಯಕರು ಹೋದ ಮೇಲೆ ಆ ಬೀರುವಿನ ಕೀಲಿ ಎಲ್ಲಿದೆ ಎಂದು ಹುಡುಕುವ ಪರಿಸ್ಥಿತಿ ಬರಬಾರದು.

ಅಧ್ಯಯನಕ್ಕೆ ಬರುವವರಿಗೆ ಅನುದಾನದ ಗೋಜು ಬೇಕಿಲ್ಲ. ಆದರೆ "ಈ ಬಾರಿ ಕರೆಯುವುದು ಸ್ವಲ್ಪ ತಡವಾಗುತ್ತದೆ, ನಿಮ್ಮನ್ನು ಮರೆತಿಲ್ಲ" ಎಂಬ ದೂರವಾಣಿ ಕರೆಯೊಂದನ್ನು ಅವರಿಗೆ ಪರಿಚಿತವಾದ ದನಿಯಲ್ಲೇ ಮಾಡಿಸಿ.

ಹಳೆಯ_ಲೆಕ್ಕಿಗ

ಖಾಸಗಿ ಕೊಡುಗೆಯ ಮಾತು ಬಂದಿದ್ದರಿಂದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಯ ವೆಚ್ಚ) ಬಗ್ಗೆ ಒಂದಿಷ್ಟು. ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳ ಮತ್ತು ರಾಷ್ಟ್ರೀಯ ಪ್ರಯೋಗಾಲಯಗಳ ಸಂಶೋಧನೆಗೆ ಕೊಡುವ ಹಣವೂ ಸೇರಿದೆ. ಕಂಪನಿಗಳಿಗೂ ಮಾರ್ಚ್ 31 ಕೊನೆಯ ದಿನವೇ. ಖರ್ಚಾಗದೆ ಉಳಿದ ಸಿಎಸ್‌ಆರ್ ಹಣಕ್ಕೆ ಯೋಗ್ಯ ಯೋಜನೆ ಹುಡುಕುವವರು ಜನವರಿ, ಫೆಬ್ರವರಿಯಲ್ಲಿ ಸಿಗುತ್ತಾರೆ. ನಡೆಯುತ್ತಿರುವ ಯೋಜನೆ ಎಂದು ತೋರಿಸಿದರೆ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷದವರೆಗೆ ಹಣ ಹರಿಯಬಹುದು. ಅವರು ನಾಮಫಲಕ ಹಾಕಬಹುದಾದ ಹೊಸ ಯಂತ್ರಕ್ಕೆ ಸುಲಭವಾಗಿ ಒಪ್ಪುತ್ತಾರೆ, ನಿಮಗೆ ಬೇಕಾಗಿರುವುದು ಸಂಬಳ ಮತ್ತು ಹೀಲಿಯಂ. ಇದನ್ನು ಸ್ಪಷ್ಟವಾಗಿ ಹೇಳದಿದ್ದರೆ ಇನ್ನೊಂದು ಯಂತ್ರ ಬಂದು ನಿಲ್ಲುತ್ತದೆ, ಅದರ ಸಿಎಂಸಿಯೂ ನಿಮ್ಮ ಹೆಗಲಿಗೇ ಬೀಳುತ್ತದೆ.

ವಿದೇಶಿ ಪ್ರತಿಷ್ಠಾನಗಳ ಹಣವಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನ್ವಯವಾಗುತ್ತದೆಯೇ ಎಂದು ಮೊದಲು ನಿಮ್ಮ ಸಂಸ್ಥೆಯ ಕಾನೂನು ಸಲಹೆಗಾರರಿಂದ ತಿಳಿದುಕೊಳ್ಳಿ. 2020ರ ತಿದ್ದುಪಡಿಯ ಬಳಿಕ ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಸಹಯೋಗಿಗಳ ಮೂಲಕ ತರಿಸುವ ಹಳೆಯ ದಾರಿ ಮುಚ್ಚಿದೆ.

ಇಮೇಜಿಂಗ್_ಕಚೇರಿ

ಟಿಪ್ಪಣಿಯನ್ನು ಸಲ್ಲಿಸಿದ್ದೇನೆ. ಅಯಸ್ಕಾಂತವನ್ನು ತಣ್ಣಗಿಡುವ ವೆಚ್ಚವನ್ನು ಆಸ್ತಿ ರಕ್ಷಣೆಯೆಂದು ಬೇರ್ಪಡಿಸಿ ಸಂಸ್ಥೆಯ ಲೆಕ್ಕಕ್ಕೆ ಕೇಳಿದ್ದೇನೆ. ಸಿಎಂಸಿಯ ಆರು ತಿಂಗಳ ಮುಂಗಡವನ್ನು ಹಾಲಿ ಅನುದಾನದಿಂದ ಕೊಡುವ ಪ್ರಸ್ತಾವ, ನೋ-ಕಾಸ್ಟ್ ಎಕ್ಸ್‌ಟೆನ್ಷನ್ ಅರ್ಜಿ, ವಾರಕ್ಕೆ ಎರಡು ಅರ್ಧ ದಿನ ಹೊರರೋಗಿಗಳ ಸ್ಕ್ಯಾನ್, ಎರಡನೆಯ ಸುತ್ತನ್ನು ಆರು ತಿಂಗಳವರೆಗೆ ಮುಂದೂಡಲು ನೈತಿಕ ಸಮಿತಿಯ ಅನುಮತಿ ಇವು ಅದರಲ್ಲಿವೆ. ಇಇಜಿ ಪ್ರಯೋಗಾಲಯವನ್ನು ಪೂರ್ತಿಯಾಗಿ ನಿಲ್ಲಿಸಲು ಒಪ್ಪಿದ್ದೇನೆ; ಅದನ್ನು ಮುಚ್ಚಿ ತೆರೆಯುವುದಕ್ಕೆ ಹೆಚ್ಚಿನ ನಷ್ಟವಿಲ್ಲ. ಹೊಸ ಸ್ವಯಂಸೇವಕರ ನೇಮಕವನ್ನು ಡಿಸೆಂಬರ್‌ನಿಂದಲೇ ನಿಲ್ಲಿಸಲಾಗಿದೆ.

ಹುದ್ದೆಗಳ ವಿಚಾರದಲ್ಲಿ ಇಬ್ಬರಿಗೆ ಮಾತ್ರ ಸಂಸ್ಥೆಯ ಹಣದಿಂದ ಆರು ತಿಂಗಳು ಕೊಡಬಹುದೆಂದು ಮೌಖಿಕವಾಗಿ ತಿಳಿಸಿದ್ದಾರೆ. ಭೌತವಿಜ್ಞಾನಿ, ದತ್ತಾಂಶ ವ್ಯವಸ್ಥಾಪಕರು, ಎರಡನೆಯ ರೇಡಿಯೋಗ್ರಾಫರ್ ಈ ಮೂವರಲ್ಲಿ ಯಾರನ್ನು ಬಿಡಬೇಕು ಎಂಬ ಪ್ರಶ್ನೆ ನನ್ನ ಮೇಜಿನ ಮೇಲಿದೆ.

ರೇಡಿಯಾಲಜಿ_ಹಿರಿಯ

ಯಾರನ್ನೂ ಬಿಡಬೇಕಾಗಿಲ್ಲ. ನೀವು ಹೊರರೋಗಿಗಳ ಸ್ಕ್ಯಾನ್ ಒಪ್ಪಿದ್ದೀರಲ್ಲ. ಅದಕ್ಕೆ ರೇಡಿಯೋಗ್ರಾಫರ್ ಬೇಕೇ ಬೇಕು, ಮತ್ತು ಆ ಸಂಬಳ ಆಸ್ಪತ್ರೆಯ ಸೇವಾ ಆದಾಯದ ಮೇಲೆ ಬೀಳಬೇಕಾದದ್ದು. ರೇಡಿಯಾಲಜಿ ವಿಭಾಗದ ಗುತ್ತಿಗೆ ಹುದ್ದೆಯಡಿ ಅವರನ್ನು ಆರು ತಿಂಗಳಿಗೆ ತೆಗೆದುಕೊಳ್ಳುವಂತೆ ನಿಮ್ಮ ರೇಡಿಯಾಲಜಿ ಮುಖ್ಯಸ್ಥರನ್ನು ಕೇಳಿ, ವಾರದ ಉಳಿದ ದಿನಗಳಲ್ಲಿ ಅವರು ಆಸ್ಪತ್ರೆಯ ಯಂತ್ರದಲ್ಲಿ ಕೆಲಸ ಮಾಡಲಿ. ಸಂಸ್ಥೆಯ ಎರಡು ಸ್ಥಾನ ಉಳಿದಿಬ್ಬರಿಗೆ ಸಿಗುತ್ತದೆ.

ಹಳೆಯ_ಲೆಕ್ಕಿಗ

ಡಾಕ್ಟರ್ ಹೇಳಿದ್ದು ಸಾಧ್ಯ. ಆದರೆ ಏಪ್ರಿಲ್ 1ಕ್ಕೆ ಒಂದು ದಿನವೂ ಎರಡೂ ಕಡೆ ಹೆಸರು ಇರದಂತೆ ಬಿಡುಗಡೆ ಆದೇಶ ಮತ್ತು ಹೊಸ ಗುತ್ತಿಗೆ ಆದೇಶಗಳ ದಿನಾಂಕ ನೋಡಿಕೊಳ್ಳಿ. ಮತ್ತೆ, ಆ "ಮೌಖಿಕವಾಗಿ" ಎಂಬುದನ್ನು ಈ ವಾರವೇ ಕಡತದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ ಮೇಡಂ.